ಬಕಲ್ ಹೊರಗಡೆ

ಅಪ್ಪ ಮಹಾರಾಜರ ಕುದುರೆ ಪಡೆಯಲ್ಲಿದ್ದವರು. ಬೂಟಿನ ಹಿಮ್ಮಡಿಗೆ ಕಟ್ಟೋ ಕುದುರೆ ಮುಳ್ಳನ್ನ ಸಾಯೋವರೆಗೂ ದಿನಾ ಉಜ್ಜೋರು. ‘ಮುಳ್ಳಿನ ಪಟ್ಟಿಯ ಬಕಲ್ ಯಾವತ್ತೂ ಹೊರಗಡೆ ಇರಬೇಕು’ ಅನ್ನೋರು. ಒಳಗಡೆ ಇದ್ದರೆ ಕುದುರೆ ಹೊಟ್ಟೆಗೆ ಉಜ್ಜಿ ನೋವಾಗುತ್ತಂತೆ. ನಮ್ಮ ನೋವು ಮಾತ್ರ ಅವರ ಲೆಕ್ಕಕ್ಕೆ ಬರಲೇ ಇಲ್ಲ.

ಅವರು ಸತ್ತ ಮರುವರ್ಷ, ಎಂಬತ್ತೊಂದರಲ್ಲಿ, ಕತ್ರಿಗುಪ್ಪೆಯ ರಾಜ್ಯೋತ್ಸವದ ಮೆರವಣಿಗೇಲಿ ಊರಿನವರು ನನಗೆ ಸವಾರನ ವೇಷ ಹಾಕಿಸಿ, ಲಾರಿ ಮೇಲಿನ ಹಲಗೆ ಕುದುರೆ ಮೇಲೆ ಕೂರಿಸಿದರು. ಬೂಟು, ಮುಳ್ಳು ಎಲ್ಲ ಅಪ್ಪಂದೇ. ಬಕಲ್ ಮಾತ್ರ ಬೇಕಂತಲೇ ಒಳಗಡೆ ಹಾಕಿಕೊಂಡೆ. ಹಲಗೆ ಕುದುರೆಗೆ ಎಲ್ಲಿಯ ನೋವು.

ಲಾರಿ ಹೊರಟಿತು. ಮಟಮಟ ಮಧ್ಯಾಹ್ನ, ಆದರೂ ಬೂಟಿನೊಳಗೆ ಪಾದ ತಣ್ಣಗಾಗುತ್ತಾ ಬಂತು. ಕುದುರೆ ಬೆವರಿನ ವಾಸನೆ ಬಂತು. ಎಡಗಾಲಿನ ಪಟ್ಟಿಯನ್ನ ಯಾರೋ ಬಿಚ್ಚಿ, ತಿರುಗಿಸಿ, ಬಿಗಿದ ಹಾಗಾಯ್ತು. ಆಮೇಲೆ ಬಲಗಾಲಿಂದು. ಬಗ್ಗಿ ನೋಡಿದರೆ ಯಾರೂ ಇಲ್ಲ. ಬಕಲ್ ಎರಡೂ ಹೊರಗಡೆ ಇದ್ದವು. ಹಟಕ್ಕೆ ಮತ್ತೆ ಒಳಗಡೆ ಹಾಕಿದೆ. ಇಟ್ಟಮಡು ತಲುಪೋ ಹೊತ್ತಿಗೆ ಮತ್ತೆ ಹೊರಗಡೆ ಬಂದಿದ್ದವು, ಈ ಸಲ ಇನ್ನೂ ಬಿಗಿಯಾಗಿ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನನ್ನ ಕಾಲು ನೋಡಿದಳು. ‘ಬೆಳಗ್ಗೆ ನೀನು ತಪ್ಪಾಗಿ ಹಾಕ್ಕೊಂಡು ಹೋಗಿದ್ದೆ. ಈಗ ಸರಿಯಾಗಿದೆ. ಯಾರು ಕಟ್ಟಿಕೊಟ್ರು?’

‘ಯಾರೂ ಇಲ್ಲಮ್ಮ,’ ಅಂದೆ.

ಪಟ್ಟಿ ಬಿಚ್ಚೋಕಾಗದೆ ಕುಡುಗೋಲಲ್ಲಿ ಕುಯ್ಯಬೇಕಾಯ್ತು. ಬದುಕಿದ್ದಷ್ಟು ದಿನ ಅಪ್ಪ ನನ್ನ ಕಾಲಿಗೆ ಒಂದು ಚಪ್ಪಲಿ ಕೂಡ ಹಾಕಿಕೊಟ್ಟವರಲ್ಲ.