ಸಾಲ್ತನತ್ ಸತ್ತ ಸುದ್ದಿ

ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆಯಾದವರ ಪಟ್ಟಿಯಲ್ಲಿ ಮೂವತ್ತೊಂದೇ ಹೆಸರು. ಹನ್ನೆರಡು ವರ್ಷಗಳಲ್ಲಿ ಬಿಷ್ಕೆಕ್‌ನ ಆ ಆಸ್ಪತ್ರೆಗೆ ಈ ಕಾಯಿಲೆಗೆಂದು ಬಂದವರು ಅಷ್ಟೇ ಜನ. ಸೋಮವಾರ ಬೆಳಿಗ್ಗೆ ಡಾಕ್ಟರ್ ಝೂರಾ ತೆರೆದು ನೋಡಿದರೆ, ಹದಿನೇಳನೆಯ ಹೆಸರಿನ ಮುಂದೆ ಹೊಸ ಶಾಯಿ— ಮೃತ.

ಸಾಲ್ತನತ್! ಆರು ವರ್ಷದ ಹಿಂದೆ ಅವಳ ಎದೆಯ ಗೆಡ್ಡೆಯನ್ನು ಪೂರ್ತಿ ತೆಗೆದದ್ದು ಝೂರಾಳೇ. ಹೋದ ವಸಂತದ ಸ್ಕ್ಯಾನಿನಲ್ಲೂ ಏನೂ ಕಂಡಿರಲಿಲ್ಲ. ಮತ್ತೆ ಸತ್ತದ್ದು ಹೇಗೆ?

"ಇದು ನೀನು ಬರೆದದ್ದಾ, ತಾಲಾಯ್?"

"ಹೌದಕ್ಕಾ," ಎಂದ ದಾಖಲೆಗಳ ಗುಮಾಸ್ತ. "ವರ್ಷ ವರ್ಷ ರೋಗಿಗಳನ್ನ ವಿಚಾರಿಸ್ತೀವಲ್ಲ, ಅದಕ್ಕೆ ಫೋನ್ ಮಾಡಿದ್ದೆ. ನಾದಿನಿ ಅಂತೆ, ಅವರೇ ಹೇಳಿದ್ರು."

"ಏನಾಗಿ ಸತ್ತಳಂತೆ?"

"ಹೇಳ್ಲಿಲ್ಲ. ಗಂಡ ರಷ್ಯಾದಲ್ಲಿದ್ದಾನೆ. ಕಾಯಿಲೆ ಸೊಸೆ ಬೇಡ ಅಂತ ಅತ್ತೆ ಏನಾದ್ರೂ—?"

"ಸುಮ್ನಿರು. ಆ ನಾದಿನಿ ಹೇಗೆ ಮಾತಾಡಿದಳು?"

"ಮೊದಲು ಚೆನ್ನಾಗೇ. ಆಮೇಲಾಮೇಲೆ ಮೂಗಲ್ಲಿ. ಕೊನೆಗೆ ತೊದಲಿದ್ರು. ಅಳ್ತಿದ್ರು, ಪಾಪ."

"ಬಿಕ್ಕಿದಳಾ?"

ತಾಲಾಯ್ ಯೋಚಿಸಿದ. "ಇಲ್ಲ."

ಝೂರಾ ನಿಟ್ಟುಸಿರಿಟ್ಟಳು. ನಿವೃತ್ತಿಗೆ ಮೂರು ತಿಂಗಳಿತ್ತು, ಮಂಡಿನೋವು ಬೇರೆ. ಆದರೂ ಮರುದಿನ ಬಾಡಿಗೆ ಕಾರಿನಲ್ಲಿ ಐದು ಗಂಟೆ ಕೂತು ಸಾಲ್ತನತ್‌ಳ ಊರು ನಾರಿನ್ ತಲುಪಿದಳು.

ಗೇಟು ತೆಗೆದ ಹೆಂಗಸಿನ ರೆಪ್ಪೆಗಳು ಜೋತುಬಿದ್ದಿದ್ದವು. ಗದ್ದ ಎತ್ತಿ, ರೆಪ್ಪೆಗಳ ಕೆಳಗಿಂದ ನೋಡಿದಳು. ಮುಖ ಬಿಳಿಚಿತು.

"ಅತ್ತೆ ಎಲ್ಲಿ, ಸಾಲ್ತನತ್?"

"ಪೇಟೆಗೆ. ಅವರಿಗೇನೂ ಗೊತ್ತಿಲ್ಲ."

"ಗೊತ್ತಿರಲ್ಲ. ನಿನ್ನ ಸಾವಿನ ಸುದ್ದಿ ಕೊಟ್ಟವಳು ನೀನೇ. ಗೆಡ್ಡೆ ಹೋದರೂ ಅದು ತಂದ ಸ್ನಾಯುಗಳ ಸುಸ್ತು ಹೋಗಿಲ್ಲ, ಮಾತಾಡಿದಷ್ಟೂ ದನಿ ಸೋಲುತ್ತೆ. ಅದನ್ನ ಆ ದಡ್ಡ ಅಳು ಅಂದ್ಕೊಂಡ. ಅದರ ಮಾತ್ರೆ ಯಾವಾಗ ಬಿಟ್ಟೆ?"

"ತಿಂಗಳಾಯ್ತು." ಸಾಲ್ತನತ್ ಬೆಂಚಿನ ಮೇಲೆ ಕುಸಿದಳು. "ವರ್ಷ ವರ್ಷ ಫೋನ್ ಮಾಡಿ ಬದುಕಿದ್ದಾಳಾ ಅಂತ ಕೇಳ್ತೀರಿ. ಆ ತಿಂಗಳಿಡೀ ನಿದ್ದೆ ಬರಲ್ಲ. ಮಾತ್ರೆ ಕಂಡ್ರೂ ಸಾಯ್ತೀನೇನೋ ಅನ್ನೋ ಅದೇ ಭಯ. ಸತ್ತೆ ಅಂದ್ರೆ ಬಿಟ್ಟುಬಿಡ್ತೀರಿ ಅಂದ್ಕೊಂಡೆ. ಸಾಕಾಗಿದೆ, ಡಾಕ್ಟರಮ್ಮಾ."

ಝೂರಾಳಿಗೆ ಬೈಯುವ ಚೈತನ್ಯವಿರಲಿಲ್ಲ. ಪಕ್ಕದಲ್ಲೇ ಕೂತಳು.

"ನನಗೂ ಸಾಕಾಗಿದೆ ಕಣೆ. ಆ ಪಟ್ಟಿಯಲ್ಲಿ ಒಂಬತ್ತು ಹೆಸರುಗಳ ಮುಂದೆ ಮೃತ ಅಂತ ಬರೆದದ್ದು ನಾನೇ. ಒಂದಾದ್ರೂ ಸುಳ್ಳಾಗಲಿ ಅಂತ ಇಷ್ಟು ದೂರ ಬಂದೆ. ಇನ್ನು ಫೋನ್ ಬರಲ್ಲ. ಬೇಕಾದಾಗ ನೀನೇ ಮಾಡು."

ಚೀಲದಿಂದ ಮಾತ್ರೆ ತೆಗೆದುಕೊಟ್ಟಳು.

ಸಾಲ್ತನತ್ ಒಳಗಿನಿಂದ ನೀರು ತಂದಳು. ಮೊದಲ ಗುಟುಕಿಗೆ ಮಾತ್ರೆ ಗಂಟಲಲ್ಲೇ ನಿಂತಿತು. ಝೂರಾ ಅವಳ ಬೆನ್ನ ಮೇಲೆ ಕೈಯಿಟ್ಟು ಕಾದಳು. ಎರಡನೆಯ ಗುಟುಕಿಗೆ ಇಳಿಯಿತು.