ಮಣ್ಣೂರಿನ ಮೂರಾಟ

ನೀರಿನಿಂದ ತಲೆ ಎತ್ತಿ ಕೆಮ್ಮುತ್ತ ದಂಡೆಯ ಕಡೆ ನೋಡಿದ ಶಿವಕಾಂತಾಳಿಗೆ ಮೊದಲು ಕಂಡದ್ದು ಬಿಳಿ ಪ್ಯಾಂಟು. ಆಮೇಲೆ ಕೊರಳಲ್ಲಿ ತೂಗುತ್ತಿದ್ದ ಸೀಟಿ. ಆಮೇಲೆ... ಆ ಮುಖ!

ಕಣ್ಣಿಗಿಳಿದ ನೀರನ್ನು ಒರೆಸಿಕೊಂಡು ಮತ್ತೆ ನೋಡಿದಳು.

'ಇವರು... ಇಲ್ಲಿ?'

ಭೀಮಾ ನದಿಯ ದಂಡೆಯ ಮೇಲೆ ನಿಂತಿದ್ದವನು ಕಲ್ಯಾಣಪ್ಪ. ಜೇವರ್ಗಿಯ ಪಿ.ಟಿ. ಮಾಸ್ತರ. ಅವಳ ಕೊರಳಿಗೆ ತಾಳಿ ಕಟ್ಟಿದವನು. ಹದಿನೆಂಟು ವರ್ಷದಿಂದ ಅವಳ ಕಣ್ಣಿಗೆ ಬೀಳದವನು!

"ಶಿವಕಾಂತಾ ಅಂದ್ರ... ನೀನೇ ಏನು?" ಅವನು ಒಂದು ಹೆಜ್ಜೆ ಮುಂದೆ ಬಂದ. "ಹೆಸರು ಕೇಳಿದಾಗ ಬ್ಯಾರೆ ಯಾರೋ ಇರಬೇಕಂತ ತಿಳ್ಕೊಂಡಿದ್ದೆ."

ಅವಳು ಒದ್ದೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೆ ಬಂದಳು.

"ನರ್ಸಬಾಯಿ ಅನ್ರಿ. ಮಣ್ಣೂರಾಗ ಎಲ್ಲಾರೂ ನನಗ ಹಂಗೇ ಅಂತಾರ."

ಆ ವರ್ಷ ಅಫಜಲಪುರದ ಯುವಕ ಸಂಘದವರು ಹೊಸದೊಂದು ಸ್ಪರ್ಧೆ ಇಟ್ಟಿದ್ದರು. ಮಣ್ಣೂರಿನ ಹತ್ತಿರ ಭೀಮೆಯನ್ನು ಈಜಿ ಬರಬೇಕು, ಅಲ್ಲಿಂದ ಅಫಜಲಪುರಕ್ಕೆ ಸೈಕಲ್ ಹೊಡೆಯಬೇಕು, ಕೊನೆಗೆ ಊರು ಸುತ್ತಿ ಓಡಬೇಕು. ಮೂರೂ ಒಂದೇ ಬೆಳಗಿನಲ್ಲಿ! ಟ್ರಯಥ್ಲಾನ್ ಎಂಬ ಅದರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಜನ ಮೂರಾಟ ಎಂದರು. ಈಜುವವರನ್ನು ಪರೀಕ್ಷೆ ಮಾಡಿ ಆರಿಸಲು ಜೇವರ್ಗಿಯಿಂದ ಒಬ್ಬ ಮಾಸ್ತರರನ್ನು ಕರೆಸಿದ್ದರು.

"ನಡುನೀರಾಗ ಸೆಳವು ಜೋರದ," ಕಲ್ಯಾಣಪ್ಪ ಅವಳ ಮುಖ ನೋಡದೆ ಹೇಳಿದ. "ನಲವತ್ತಕ್ಕ ಬಂದ ಮೈ. ನಿನ್ನ ಕಡಿಂದ ಆಗೂದಿಲ್ಲ. ಹೆಸರು ತಗೀತೇನಿ."

ಅಷ್ಟೇ! ಅವಳೊಳಗೆ ಏನೋ ಭಗ್ಗೆಂದಿತು.

"ನಿಮ್ಮ ಮನಿಯಾಗೂ ಇದೇ ಮಾತು ಕೇಳೇನಿ ಮಾಸ್ತರ. ಈ ಮೈ ಯಾತಕ್ಕೂ ಬರೂದಿಲ್ಲ ಅಂತ. ಅವತ್ತು ನಿಮ್ಮವ್ವ ಅಂದಿದ್ರು, ನೀವು ತಲಿ ಬಗ್ಗಿಸಿ ನಿಂತಿದ್ರಿ. ಇವತ್ತು ನೀವೇ ಬಾಯಿ ಬಿಟ್ಟು ಅನ್ನಾಕತ್ತೀರಿ!"

ಅವನು ತುಟಿ ಬಿಚ್ಚುವ ಮೊದಲೇ ಅವಳು ತಿರುಗಿ ನೀರಿಗಿಳಿದಳು. ನಡುನೀರಿನಲ್ಲಿ ನಿಂತಿದ್ದ ದೋಣಿಯ ತನಕ ಈಜಿದಳು. ಹೊರಳಿ ಬಂದಳು. ಚಂದವಾಗಿ ಈಜಲಿಲ್ಲ... ಆದರೆ ಈಜಿದಳು.

ಕಲ್ಯಾಣಪ್ಪ ಅವಳ ಹೆಸರನ್ನು ತೆಗೆಯಲಿಲ್ಲ.

ಆಳಂದದ ಹುಡುಗಿ ಶಿವಕಾಂತಾ ಜೇವರ್ಗಿಗೆ ಸೊಸೆಯಾಗಿ ಹೋದಾಗ ಎರಡು ಜಡೆ ಹಾಕುವ ವಯಸ್ಸು. ಗಂಡ ಒಳ್ಳೆಯವನು. ಹೊಳೆಗೆ ಹೋದರೆ ಮೀನಿನ ಹಾಗೆ ಈಜುತ್ತಿದ್ದ, ಮನೆಗೆ ಬಂದರೆ ತಾಯಿಯ ಮುಂದೆ ಮೂಕನಾಗುತ್ತಿದ್ದ. ಮೂರು ವರ್ಷ ಕಳೆದರೂ ಮಡಿಲು ತುಂಬಲಿಲ್ಲ. ಒಂದು ಮುಂಜಾನೆ ಅತ್ತೆ ಸುಭದ್ರಾಬಾಯಿ ಅವಳ ಟ್ರಂಕನ್ನು ಅಂಗಳಕ್ಕೆ ತಂದಿಟ್ಟಳು.

"ಬಂಜಿ ಹೆಣ್ಣಿಗಿ ಕೂಳು ಹಾಕಾಕ ನಮ್ಮ ಮನಿ ಛತ್ರ ಅಲ್ಲ!"

ಬಸ್ಸು ಹತ್ತುವವರೆಗೂ ಅವಳು ಹಿಂದೆ ನೋಡುತ್ತಲೇ ಇದ್ದಳು. ಕಲ್ಯಾಣಪ್ಪ ಬರಲಿಲ್ಲ. ಆಳಂದದಲ್ಲಿ ತಾಯಿ ಗೌರಾಬಾಯಿಯ ಮಗ್ಗುಲಲ್ಲಿ ಮಲಗಿ ತಿಂಗಳುಗಟ್ಟಲೆ ಕಾದಳು. ಆಗಲೂ ಅವನು ಬರಲಿಲ್ಲ. ಅವನು ಎರಡನೇ ಮದುವೆಯಾಗಲಿಲ್ಲ ಎಂದು ಯಾರೋ ಹೇಳಿದರು. ಕೇಳಿ ಇನ್ನೂ ಉರಿಯಿತು. 'ಬೇರೆಯವಳೂ ಬೇಡ, ನಾನೂ ಬೇಡ... ಹಾಗಾದರೆ ನನ್ನದೇನು ತಪ್ಪು?'

ನರ್ಸ್ ತರಬೇತಿ ಮುಗಿಸಿ ಅವಳು ಮಣ್ಣೂರಿಗೆ ಬಂದಳು. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಕೂಸುಗಳು ಅವಳ ಕೈಯಲ್ಲಿಯೇ ಮೊದಲ ಸಲ ಅತ್ತವು. ಆದರೆ ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಅವಳು ತಾನಾಗಿಯೇ ಒಂದು ಮನೆಗೆ ಹೋಗಿದ್ದಳು. ತೊಟ್ಟಿಲು ತೂಗಲು ಕೈ ಚಾಚಿದಾಗ ಕೂಸಿನ ಅಜ್ಜಿ ಮೆಲ್ಲಗೆ ಅಡ್ಡ ಬಂದಳು. "ನೀವು ಬ್ಯಾಡ್ರಿ ನರ್ಸಬಾಯಿ... ತಪ್ಪು ತಿಳೀಬ್ಯಾಡ್ರಿ."

ಮೂರಾಟದ ಸುದ್ದಿ ಕಿವಿಗೆ ಬಿದ್ದ ದಿನವೇ ಅವಳು ಹೆಸರು ಕೊಟ್ಟದ್ದು ಅದಕ್ಕೇ. ಈ ಮೈ ಯಾತಕ್ಕೆ ಬರುತ್ತದೆ ಎಂದು ಅವಳಿಗೆ ನೋಡಬೇಕಿತ್ತು!

ಸೈಕಲ್ ಅವಳಿಗೆ ದಿನದ ಕೆಲಸ. ಓಡುವುದನ್ನು ಹೊಲದ ಬದುವಿನ ಮೇಲೆ ನಸುಕಿನಲ್ಲಿ ರೂಢಿ ಮಾಡಿಕೊಂಡಳು. ನೀರೆಂದರೆ ಮಾತ್ರ ಜೀವ ಹೋಗುತ್ತಿತ್ತು. ದೋಣಿ ನಡೆಸುವ ಉಸ್ಮಾನಸಾಬನ ಹೆಂಡತಿ ಪೀರಬಿ ಅವಳ ಬೆನ್ನಿಗೆ ಅಂಗೈ ಕೊಟ್ಟು ತೇಲಲು ಕಲಿಸಿದ್ದಳು.

ಈಗ ಆ ಪಾಠಕ್ಕೆ ಇನ್ನೊಬ್ಬರು ಸೇರಿದರು. ಸ್ಪರ್ಧೆಯ ಏರ್ಪಾಟಿಗೆಂದು ಮಣ್ಣೂರಿನಲ್ಲೇ ಉಳಿದಿದ್ದ ಕಲ್ಯಾಣಪ್ಪ ದಿನಾ ಸಂಜೆ ದಂಡೆಗೆ ಬಂದು ದೂರ ಕೂರುತ್ತಿದ್ದ.

"ನೀರಾಗೇ ಉಸಿರು ಬಿಡು... ಹಾಂ! ತಲಿ ಭಾಳ ಎತ್ತಬ್ಯಾಡ."

ಅವಳು ಅವನ ಕಡೆ ನೋಡುತ್ತಿರಲಿಲ್ಲ. ಆದರೆ ಹೇಳಿದ ಹಾಗೆ ಮಾಡುತ್ತಿದ್ದಳು. ಮೈ ಹಗುರಾಗುತ್ತಿತ್ತು.

"ಆ ಮಾಸ್ತರ ನಿನ್ನ ನೋಡೂದ ನೋಡಿದ್ರ ನನಗೇ ಶರಮ್ ಆಗ್ತದ ಬಾಯಿ," ಪೀರಬಿ ಕಿಸಕ್ಕನೆ ನಗುತ್ತಿದ್ದಳು.

"ಸುಮ್ಮನಿರ ಬೇ!"

ಬೈದಳು ನಿಜ. ಆದರೆ ಮರುದಿನ ಹೊಳೆಗೆ ಹೊರಡುವಾಗ ತಲೆ ಬಾಚಿಕೊಂಡಳು! ಕನ್ನಡಿಯಲ್ಲಿ ಕಿವಿಯ ಹತ್ತಿರದ ಬಿಳಿಗೂದಲು ಕಂಡು ತನ್ನ ಮೇಲೆಯೇ ಸಿಟ್ಟು ಬಂತು. 'ನಾಚಿಕೆಯಿಲ್ಲವೇನೇ ನಿನಗೆ? ಇನ್ನೂ ಆಸೆಯೇ?'

ಸ್ಪರ್ಧೆಯ ಹಿಂದಿನ ಸಂಜೆ ಪೀರಬಿ ಬಂದಿರಲಿಲ್ಲ. ದಂಡೆಯ ಮೇಲೆ ಅವರಿಬ್ಬರೇ.

ಅವಳು ಕೇಳಿಯೇಬಿಟ್ಟಳು.

"ಒಂದು ಮಾತು ಖರೇ ಹೇಳ್ರಿ. ಯಾಕ ಬರಲಿಲ್ಲ?"

ಅವನು ಕೊರಳಿನ ಸೀಟಿಯನ್ನು ತೆಗೆದು ಪಕ್ಕಕ್ಕಿಟ್ಟ.

"ಬಂದಿದ್ದೆ."

"ಏನು?"

"ಆಳಂದಕ್ಕ ಬಂದಿದ್ದೆ ಶಿವಕಾಂತಾ. ನೀ ಹೋದಮ್ಯಾಲ ಸೋಲಾಪುರಕ್ಕ ಹೋಗಿ ಡಾಕ್ಟರಿಗೆ ತೋರಿಸ್ಕೊಂಡೆ. ಅವರು ತಪಾಸಣಿ ಮಾಡಿ ಹೇಳಿದ್ರು... ಕೊರತಿ ನನ್ನೊಳಗದ. ನನಗ ಮಕ್ಕಳಾಗೂದಿಲ್ಲ. ಅದನ್ನ ಹೇಳಿ, ಕಾಲಿಗಿ ಬಿದ್ದು ಕರಕೊಂಡು ಬರಬೇಕಂತ ಬಂದೆ."

ಅವಳು ಥಟ್ಟನೆ ಅವನ ಕಡೆ ತಿರುಗಿದಳು.

"ನಿಮ್ಮ ಓಣಿ ತಿರುವಿನಾಗ ನಿಂತಿದ್ದೆ. ನೀ ಚೀಲ ಹಿಡಕೊಂಡು ಗೆಳತಿ ಜೋಡಿ ಹೊಂಟಿದ್ದಿ. ನಗಾಕತ್ತಿದ್ದಿ... ನಮ್ಮ ಮನಿಯಾಗ ನೀ ಹಂಗ ನಕ್ಕಿದ್ದು ನಾ ಕಂಡೇ ಇಲ್ಲ. ಈ ಕೊರತಿ ಇಟಕೊಂಡು ಮತ್ತ ಆ ಮನಿಗೆ ಯಾಕ ಒಯ್ಯಲಿ ಅನಿಸ್ತು. ಹೊಳ್ಳಿ ಹೋದೆ."

ನದಿಯ ಮೇಲೆ ಬೆಳ್ಳಕ್ಕಿಗಳ ಸಾಲೊಂದು ಹಾದುಹೋಯಿತು. ಶಿವಕಾಂತಾಳಿಗೆ ಅದ್ಯಾವುದೂ ಕಾಣಲಿಲ್ಲ.

"ಅವತ್ತು ನನಗ ಟ್ರೇನಿಂಗ್ ಸೀಟು ಸಿಕ್ಕಿತ್ತು ರೀ..." ಅವಳ ದನಿ ಒಡೆಯಿತು. "ತಿಂಗಳಗಟ್ಟಲೆ ಅತ್ತು ಅತ್ತು, ಅವತ್ತೊಂದು ದಿನ ನಕ್ಕಿದ್ದೆ. ಒಂದೇ ದಿನ! ಅದನ್ನು ನೋಡಿ ಹೊಳ್ಳಿ ಹೋದ್ರಿ?"

"ಶಿವಕಾಂತಾ..."

"ಗಂಡಸಿನ ಕೊರತಿನೂ ಇರಬಹುದಂತ ಟ್ರೇನಿಂಗಿನಾಗ ಕಲಿಸಿದ್ರು. ಆ ದಿನದಿಂದ ನನಗ ನಾನೇ ಕೇಳಾಕತ್ತೇನಿ, ನನ್ನ ತಪ್ಪೋ, ಅವರ ತಪ್ಪೋ ಅಂತ. ಯಾರನ್ನ ಕೇಳಲಿ? ನಿಮಗ ಗೊತ್ತಿತ್ತು! ಗೊತ್ತಿದ್ದೂ ಮಂದಿ ನನಗ ಬಂಜಿ ಅನ್ನೂದನ್ನ ಬಿಟ್ಟು ಕೂತ್ರಿ! ನನ್ನ ಒಯ್ಯದಿದ್ರ ಬ್ಯಾಡಿತ್ತು. ಒಂದು ಮಾತು ಹೇಳಿ ಹೋಗಬಾರದಿತ್ತೇನು?"

ಕಲ್ಯಾಣಪ್ಪ ಮುಖ ಮುಚ್ಚಿಕೊಂಡ. ಅವನು ಅಳುತ್ತಿದ್ದ. ಅವಳು ಆ ಕಣ್ಣೀರನ್ನು ನೋಡಲು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಸೀಟಿ ಕೇಳಿಸಿತು. ಹುಡುಗರೆಲ್ಲ ಧುಮುಕಿ ಮುಂದೆ ಹೋದರು. ಹೆಂಗಸರಲ್ಲಿ ಅವಳೊಬ್ಬಳೇ. ಕಚ್ಚೆ ಹಾಕಿದ ಸೀರೆಯಲ್ಲಿ ಎಲ್ಲರಿಗಿಂತ ಹಿಂದೆ.

ನಡುನೀರಿನಲ್ಲಿ ಸೆಳವು ಕಾಲು ಹಿಡಿದೆಳೆಯಿತು. ಒಂದು ಗುಟುಕು ನೀರು... ಇನ್ನೊಂದು... ಕಣ್ಣಿಗೆ ಕತ್ತಲೆ!

ಉಸ್ಮಾನಸಾಬನ ದೋಣಿ ಹತ್ತಿರ ಬಂತು. ಅದರಿಂದ ಕಲ್ಯಾಣಪ್ಪ ಅರ್ಧ ಮೈ ಹೊರಚಾಚಿ ಕೈ ನೀಡಿದ. ಆ ಕೈ ಹಿಡಿದರೆ ಸ್ಪರ್ಧೆ ಅಲ್ಲಿಗೇ ಮುಗಿದಂತೆ.

"ಹಿಡಕೋ ಶಿವಕಾಂತಾ! ಸಾಕು, ಹಿಡಕೋ!"

"ಈ ಕೈ... ನನಗ ಆಗ ಬೇಕಿತ್ತು ರೀ!"

ಅಂಗಾತ ಹೊರಳಿ ಆಕಾಶಕ್ಕೆ ಮುಖ ಮಾಡಿದಳು. ಪೀರಬಿ ಕಲಿಸಿದ ಹಾಗೆ ಮೈ ಸಡಿಲ ಬಿಟ್ಟಳು. ಉಸಿರು ಹೊರಳಿ ಬಂತು. ಮತ್ತೆ ಕೈ ಬೀಸಿದಳು. ದೋಣಿ ಅವಳ ಮಗ್ಗುಲಲ್ಲೇ ಮೆಲ್ಲಗೆ ಬರುತ್ತಿತ್ತು.

ದಂಡೆ ಮುಟ್ಟಿ, ತೊಯ್ದ ಕಾಲಿಗೇ ಬೂಟು ಸಿಕ್ಕಿಸಿ ಸೈಕಲ್ ಹತ್ತಿದಳು. ರಸ್ತೆಯ ಎರಡೂ ಕಡೆ ತೆನೆ ಬಿಟ್ಟ ಬಿಳಿಜೋಳ. ಹೊಲದಲ್ಲಿದ್ದ ಹೆಂಗಸರು ಅವಳ ಅವಸರ ಕಂಡು ಕೂಗಿದರು.

"ನರ್ಸಬಾಯಿ! ಎಲ್ಲಿ ಹೆರಿಗಿ ರೀ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ತನಗಾಗಿಯೂ ಓಡಬಹುದು ಎಂದು ಈ ಊರುಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ!

ಅಫಜಲಪುರ ತಲುಪಿ ಓಡಲು ಶುರು ಮಾಡಿದಾಗ ಬಿಸಿಲು ನೆತ್ತಿಗೇರಿತ್ತು. ಹಸಿ ಬೂಟು ಹಿಮ್ಮಡಿಯನ್ನು ಕಡಿದು ತಿನ್ನುತ್ತಿತ್ತು. ಅಂಗಡಿಗಳ ಮುಂದೆ ಕೂತವರು ನಕ್ಕರು. ಓಡಿದಳು. ಆಗದಾದಾಗ ನಡೆದಳು. ಮತ್ತೆ ಓಡಿದಳು. ತಲೆಯಲ್ಲಿ ಯೋಚನೆಗಳೆಲ್ಲ ನಿಂತುಹೋದವು. ಸಿಟ್ಟೂ ಸುಸ್ತಾಗಿ ಹಿಂದೆ ಬಿತ್ತು. ಉಳಿದದ್ದು ಎರಡು ಕಾಲು, ಒಂದು ಉಸಿರು.

ಮೈದಾನಕ್ಕೆ ಬಂದಾಗ ಬಹುಮಾನ ಹಂಚಿ ಆಗಿತ್ತು. ಜನ ಮನೆಗೆ ಹೋಗಿದ್ದರು. ಶಾಮಿಯಾನದವರು ಗೂಟ ಕೀಳುತ್ತಿದ್ದರು. ಗುರಿಯ ಸುಣ್ಣದ ಗೆರೆಯ ಮೇಲೆ, ಜೀಪಿನಲ್ಲಿ ಮುಂಚೆಯೇ ಬಂದಿದ್ದ ಕಲ್ಯಾಣಪ್ಪ ನಿಂತಿದ್ದ, ಯುವಕ ಸಂಘದ ಮಲ್ಕಪ್ಪನ ಜೊತೆ ಜಗಳವಾಡುತ್ತ.

"ಇನ್ನೂ ಒಬ್ಬಾಕಿ ಬರೂದದ ಅಂತ ಹೇಳಾಕತ್ತೇನಿ ನಿಮಗ!"

ಅವಳು ಆ ಗೆರೆ ದಾಟಿದಳು. ಅವನು ಸೀಟಿ ಊದಿದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಕುಸಿದು ಕೂತಳು.

ಮಲ್ಕಪ್ಪ ಅವಳನ್ನೂ ಅವನನ್ನೂ ನೋಡಿದ. "ಈ ಬಾಯಿ ನಿಮಗ ಏನಾಗಬೇಕ್ರಿ ಮಾಸ್ತರ?"

ಕಲ್ಯಾಣಪ್ಪ ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ಗೂಟ ಕೀಳುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.

"ನನ್ನ ಹೇಣ್ತಿ. ಮಕ್ಕಳಾಗಲಿಲ್ಲಂತ ಮನಿ ಬಿಡಿಸಿ ಕಳಿಸಿದ್ವಿ. ಕೊರತಿ ಈಕಿದಲ್ಲ, ನಂದು. ನನಗ ಗೊತ್ತಿತ್ತು. ಹೇಳಲಿಲ್ಲ."

ಮಲ್ಕಪ್ಪ ಮುಖ ತಿರುಗಿಸಿ ಅಲ್ಲಿಂದ ಹೋದ.

"ಜೇವರ್ಗಿಯಾಗೂ ಹೇಳ್ತೇನಿ. ಆಳಂದಕ್ಕ ಬಂದು ನಿಮ್ಮ ಓಣಿಯಾಗೂ ಹೇಳ್ತೇನಿ," ಕಲ್ಯಾಣಪ್ಪ ಅವಳ ಮುಂದೆ ಕೂತ.

"ಯಾರಿಗೆ ಹೇಳ್ತೀರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. "ನಮ್ಮವ್ವ ಮಣ್ಣಾಗಿ ಎಷ್ಟೋ ದಿನ ಆತು. ನನ್ನ ಮಗಳು ಬಂಜಿ ಅಂತ ಅಳಕೋತ ಹೋದ್ಲು. ಆಕಿಗೆ ಯಾರು ಹೇಳೂದು?"

ಅವನು ತಲೆ ತಗ್ಗಿಸಿದ. ಆ ತಪ್ಪನ್ನು ಇನ್ನು ತಿದ್ದಲಾಗದು. ಇಬ್ಬರಿಗೂ ಅದು ಗೊತ್ತಿತ್ತು.

ಆಗ ಅವಳ ಬೂಟಿನ ಅಂಚಿನಲ್ಲಿ ರಕ್ತ ಜಿನುಗುವುದು ಅವನಿಗೆ ಕಂಡಿತು. ನಡು ಮೈದಾನದಲ್ಲಿ, ಹಾಡುಹಗಲಿನಲ್ಲಿ, ಅವನು ಅವಳ ಪಾದವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಗೂಟ ಕೀಳುವವರು ಕೆಲಸ ಬಿಟ್ಟು ನೋಡಿದರು. ಅವನು ಯಾರನ್ನೂ ನೋಡಲಿಲ್ಲ. ಲೇಸು ಬಿಚ್ಚಿ, ಕಚ್ಚಿಕೊಂಡಿದ್ದ ಬೂಟನ್ನು ಮೆಲ್ಲಗೆ ಬಿಡಿಸಿದ. ಪಕ್ಕದ ಕೊಡದಿಂದ ಅಂಗೈಯಲ್ಲಿ ನೀರು ಹಿಡಿದು ಹಿಮ್ಮಡಿ ತೊಳೆದ.

'ಇಷ್ಟು ತಡವಾಗಿ...' ಅವಳ ಕಣ್ಣು ತುಂಬಿ ಬಂತು. ಆದರೂ ಪಾದವನ್ನು ಎಳೆದುಕೊಳ್ಳಲಿಲ್ಲ.

"ನಿಮ್ಮ ಮನಿಗೆ ನಾ ಬರೂದಿಲ್ಲ," ಎಂದಳು. "ಮಣ್ಣೂರ ನನ್ನ ಊರು."

"ನಾ ಬರ್ತೇನಿ. ನೀ ಬಾ ಅಂದ್ರ."

ಅವಳು ಬಾ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

"ನೋಯಾಕತ್ತದೇನು?" ಅವನು ಕೇಳಿದ.

"ಹೌದ್ರಿ... ಭಾಳ ನೋಯಾಕತ್ತದ."

"ಕೈ ಬಿಡಲೇನು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನ ತಲೆಯ ತುಂಬ ಬಿಳಿಯಾದ ಕೂದಲನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ಬ್ಯಾಡ... ಬಿಡಬ್ಯಾಡ್ರಿ."