ಮಾಟಗಾತಿಯ ಗಂಟಲು

ಥೂ!

ಕಾಗದದ ಲೋಟಕ್ಕೆ ಉಗುಳಿ ತಲೆಯೆತ್ತಿದರೆ, ಗಾಜಿನಾಚೆಯಿಂದ ಒಬ್ಬ ಅಪರಿಚಿತ ಅವಳನ್ನೇ ನೋಡುತ್ತಿದ್ದ! ಅವಳ ತುಟಿಯಲ್ಲಿ ಎಂಜಲಿನ ಎಳೆ ಇನ್ನೂ ಜೋತಾಡುತ್ತಿತ್ತು.

ಅಯ್ಯೋ... ಮೊದಲ ಭೇಟಿ ಹೀಗಾ ಆಗೋದು?

ಅವನು ಡಬ್ಬಿಂಗ್ ಸ್ಟುಡಿಯೋಗೆ ಹೊಸದಾಗಿ ಬಂದ ಸೌಂಡ್ ಇಂಜಿನಿಯರ್. ಅವಳು ಮಕ್ಕಳ ಕಾರ್ಟೂನಿನ ಮಾಟಗಾತಿಗೆ ದನಿ ಕೊಡುವವಳು. ಇಷ್ಟು ವರ್ಷ ಗುಂಪಿನಲ್ಲಿ ಗೋವಿಂದ ಎಂದು ಕಿರುಚಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ. ಗಂಟಲು ಕಟ್ಟಿದಾಗ ನಿರ್ದೇಶಕರು ಕುಣಿದಾಡಿದ್ದರು.

"ಇದೇ ದನಿ ಬೇಕು! ಮುಗಿಯೋವರೆಗೂ ವಾಸಿ ಮಾಡ್ಕೋಬೇಡಮ್ಮ!"

ಅವರು ಅಂದದ್ದು ತಮಾಷೆಗೆ. ಅವಳು ನಿಜಕ್ಕೂ ಡಾಕ್ಟರ ಹತ್ತಿರ ಹೋಗಲೇ ಇಲ್ಲ.

ಈಗ ಬಾಯಿ ಗಬ್ಬು ನಾರುತ್ತಿತ್ತು. ಮೈ ಸುಡುವ ಜ್ವರ, ಬಲಗಡೆ ಗಂಟಲಿನಿಂದ ಕಿವಿಯವರೆಗೆ ನೋವು. ಉಗುಳು ನುಂಗಲಾಗದೆ ಲೋಟ ತುಂಬುತ್ತಿತ್ತು.

ಛೀ, ನಾನೇನು ಮನುಷ್ಯಳಾ, ಮೋರಿಯಾ?

ಅವನು ಒಳಗೆ ಬಂದವನೇ ಮೈಕ್ ಆಫ್ ಮಾಡಿದ. "ಇವತ್ತಿಗೆ ಸಾಕು."

"ಯಾಕೆ? ನನ್ನ ಪಾತ್ರ ಬೇರೆಯವರಿಗೆ ಕೊಡ್ಸೋಕಾ?" ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವಳಂತೆ ಮಾತು ತೊದಲಿತು.

"ಬಾಯಿ ಪೂರ್ತಿ ತೆಗೀರಿ, ನೋಡೋಣ."

ಆಗಲಿಲ್ಲ. ದವಡೆ ಬಿಗಿದಿತ್ತು. ಅವನ ಮೂಗು ಸುಕ್ಕುಗಟ್ಟಿದ್ದಷ್ಟೇ ಅವಳಿಗೆ ಕಂಡಿತು. ಅಸಹ್ಯಪಟ್ಟ! ಎಂಥಾ ಕೊಬ್ಬು ಇವನಿಗೆ!

"ಇದು ಮಾಟಗಾತಿ ದನಿ ಅಲ್ಲ. ಹೆಡ್‌ಫೋನಲ್ಲಿ ಕೇಳಿದ್ರೆ ಭಯ ಆಗುತ್ತೆ. ನಡೀರಿ, ಆಸ್ಪತ್ರೆಗೆ."

ದಾರಿಯುದ್ದಕ್ಕೂ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿ ಗದರಿದರು. "ಟಾನ್ಸಿಲ್ ಪಕ್ಕ ಕೀವು ತುಂಬಿದೆ! ಜ್ವರ, ಒಂದೇ ಕಡೆ ನೋವು, ಬಾಯಿ ತೆಗೆಯೋಕಾಗಲ್ಲ, ಉಗುಳು ನುಂಗೋಕಾಗಲ್ಲ... ಇಷ್ಟಾದ್ರೂ ಮಾಮೂಲಿ ಗಂಟಲು ನೋವು ಅಂತ ಕೂತ್ಯಾ? ಇನ್ನೂ ಬಿಟ್ಟಿದ್ರೆ ಉಸಿರೇ ಕಟ್ತಿತ್ತಮ್ಮ!"

ಸೂಜಿ ಚುಚ್ಚಿದ್ದೇ ತಡ, ಹಳದಿ ಕೀವು, ರಕ್ತ, ಸತ್ತ ಇಲಿಯ ನಾತ... ನರ್ಸ್ ಅವಳ ತಲೆ ಹಿಡಿದಿದ್ದರು. ಅವಳು ಕಣ್ಣು ಮುಚ್ಚಿ ಉಗುಳಿದಳು, ಮತ್ತೆ ಉಗುಳಿದಳು. ಕಣ್ಣು ತೆರೆದರೆ ಬಟ್ಟಲು ಹಿಡಿದಿದ್ದ ಕೈ... ಅವನದು!

ಪೂರ್ತಿ ವಾಸಿಯಾದ ಮೇಲೆ ಅಳುಕುತ್ತಲೇ ಸ್ಟುಡಿಯೋಗೆ ಹೋದಳು. ಪಾತ್ರ ಕೈತಪ್ಪಿರುತ್ತೆ, ಗ್ಯಾರಂಟಿ.

"ಬಾಮ್ಮ! ಮೈಕ್ ರಿಪೇರಿ ಆಯ್ತಂತೆ," ಎಂದರು ನಿರ್ದೇಶಕರು, ಇಂಜಿನಿಯರ್‌ನತ್ತ ಕೈ ತೋರಿಸಿ. "ಇಷ್ಟು ದಿನ ಮೈಕ್ ಕೆಟ್ಟಿದೆ ಅಂತ ಇವನು ಸತಾಯಿಸಿಬಿಟ್ಟ. ನಿನ್ನ ಮಾಮೂಲಿ ದನಿಯಲ್ಲೇ ನಟಿಸು, ಸಾಕು."

ಅವರು ಆಚೆ ಹೋದ ಮೇಲೆ ಅವಳು ಅವನತ್ತ ತಿರುಗಿದಳು. "ಮೈಕ್ ಕೆಟ್ಟಿತ್ತಾ?"

"ಇಲ್ಲ... ನಿಮ್ಮ ಪಾತ್ರ ಬೇರೆಯವರಿಗೆ ಹೋಗಬಾರದು ಅಂತ ಹಾಗಂದೆ."

ಅವಳ ಕಣ್ಣು ತುಂಬಿತು. "ಅವತ್ತು ನಿಮಗೆ ಅಸಹ್ಯ ಆಗ್ಲಿಲ್ವಾ?"

"ಆಯ್ತು. ಮನೆಗೆ ಹೋಗಿ ವಾಂತಿ ಮಾಡ್ಕೊಂಡೆ. ಊಟಾನೂ ಸೇರಲಿಲ್ಲ."

ಅಳುತ್ತಲೇ ಅವಳು ನಕ್ಕುಬಿಟ್ಟಳು. "ಮತ್ತೆ ಯಾಕೆ ನಿಂತ್ರಿ?"

"ನೀವು ನನ್ನ ಅಂಗಿ ಗಟ್ಟಿಯಾಗಿ ಹಿಡ್ಕೊಂಡಿದ್ರಿ. ಬಿಡಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ... ಆಮೇಲೂ ಬರಲಿಲ್ಲ."

ಅವಳು ಮೆಲ್ಲಗೆ ಅವನ ತೋಳಂಗಿ ಹಿಡಿದಳು.

"ಹಾಗಾದ್ರೆ ಬಿಡಿಸ್ಕೋಬೇಡಿ."